ಪಾದ್ರಿಯ ಸೊತ್ತು

ಮೊದಲೇ ಕ್ಷಮೆ ಕೇಳಿಬಿಡಬೇಕು. ಈ ಕಥೆ ಹೇಳಬೇಕಾದವರು ಬೇರೆ ಇದ್ದರು. ಅವರಲ್ಲಿ ಕೆಲವರು ಸತ್ತರು, ಉಳಿದವರು ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿದವರು. ಇದು ನದಿಯ ಈ ದಡದಲ್ಲಿ ಬಹಳ ವರ್ಷ ಬದುಕಿ, ಅವರಿವರಿಂದ ಕೇಳಿ, ಕೇಳಿದ್ದನ್ನು ಮತ್ತೊಬ್ಬರ ಹತ್ತಿರ ಸರಿನೋಡಿ ಜೋಡಿಸಿದ್ದು. ಎಲ್ಲಾದರೂ ಈ ಕಥೆಯ ಗಂಡಸರನ್ನು ಇದ್ದದ್ದಕ್ಕಿಂತ ಒಳ್ಳೆಯವರನ್ನಾಗಿ ತೋರಿಸಿದ್ದರೆ ಅದು ಹೇಳುವವರ ಕೈತಪ್ಪು. ಅವರು ಒಳ್ಳೆಯವರಾಗಿರಲಿಲ್ಲ.

ಒಲೀಟಾ ಪ್ರೂಯಿಟ್‌ಗೆ ಆಗ ಮೂವತ್ತಮೂರು. ಆಯಿಲ್‌ಡೇಲಿನಲ್ಲಿ, ಎಣ್ಣೆಬಾವಿಯ ಪಂಪುಗಳು ದಿನವಿಡೀ ತಲೆ ಆಡಿಸುತ್ತಿದ್ದ ಬೀದಿಯ ಕೊನೆಗೆ ಅವಳ ಅಂಗಡಿ. ಲಾರಿ, ಕಾರು, ಮೋಟಾರ್‌ಸೈಕಲ್ಲುಗಳ ಸೀಟು ಹೊಲಿಯುವುದು ಅಪ್ಪನಿಂದ ಬಂದ ಕಸುಬು. ಎರಡು ಪದರ ಚರ್ಮವನ್ನು ಬೆಣ್ಣೆಯಂತೆ ಚುಚ್ಚುವ ಹೊಲಿಗೆ ಯಂತ್ರ ಆ ಊರಿನಲ್ಲಿ ಇದ್ದದ್ದು ಅವಳೊಬ್ಬಳ ಹತ್ತಿರ. ಹಾಗಾಗಿ 'ಕಾಗೆಗಳು' ಎಂದು ಹೆಸರಿಟ್ಟುಕೊಂಡ ಮೋಟಾರ್‌ಸೈಕಲ್ ಕ್ಲಬ್ಬಿನವರು ತಮ್ಮ ತೋಳಿಲ್ಲದ ಚರ್ಮದ ಕೋಟಿನ ಬೆನ್ನಿಗೆ ಪ್ಯಾಚ್ ಹೊಲಿಸಲು ಅವಳಲ್ಲಿಗೇ ಬರುತ್ತಿದ್ದರು. ಮೇಲೆ ಕ್ಲಬ್ಬಿನ ಹೆಸರಿನ ಕಮಾನು, ನಡುವೆ ರೆಕ್ಕೆ ಬಿಚ್ಚಿದ ಕಾಗೆ, ಕೆಳಗೆ ಊರಿನ ಹೆಸರಿನ ಕಮಾನು. ಅವರ ಹೆಂಗಸರ ಕೋಟಿಗೆ ಕಾಗೆ ಇರುತ್ತಿರಲಿಲ್ಲ. ಇಂಥವನ ಸೊತ್ತು ಎಂಬ ಒಂದೇ ಸಾಲು ಇರುತ್ತಿತ್ತು. ಅದನ್ನೂ ಒಲೀಟಾಳೇ ಹೊಲಿದು ಕೊಟ್ಟಿದ್ದಳು, ಹನ್ನೊಂದು ಹೆಂಗಸರಿಗೆ.

ವೆಂಡೆಲ್ ಸ್ಟ್ರೌಡ್ ಅವಳಲ್ಲಿಗೆ ಬಂದದ್ದು ಹರಿದ ಸೀಟು ಹಿಡಿದುಕೊಂಡು. ಅವನಪ್ಪ ಡೇರೆ ಹಾಕಿ ದೇವರ ವಾಕ್ಯ ಸಾರುತ್ತಿದ್ದವನು, ಅದಕ್ಕೇ ಕ್ಲಬ್ಬಿನಲ್ಲಿ ಇವನಿಗೆ ಪಾದ್ರಿ ಎಂದು ಹೆಸರು. ಮೂಗು ಎರಡು ಸಲ ಮುರಿದು ಕೂಡಿಕೊಂಡಿತ್ತು. ಬಾರಿನಲ್ಲಿ ಒಬ್ಬನ ದವಡೆಗೆ ಸರಪಳಿ ಬೀಸಿ ಮೂರು ವರ್ಷ ಜೈಲಿನಲ್ಲಿದ್ದು ಬಂದಿದ್ದ. ಆ ಮನುಷ್ಯ ಇಂದಿಗೂ ಊಟವನ್ನು ಕೊಳವೆಯಲ್ಲಿ ಹೀರಿ ಕುಡಿಯುತ್ತಾನೆಂದು ಜನ ಹೇಳುತ್ತಿದ್ದರು. ಆ ಬೇಸಿಗೆಯಲ್ಲಿ ಮೂರು ಸಲ ಅವನ ಸೀಟು ಹರಿಯಿತು. ಮೂರನೆಯ ಸಲ ಒಲೀಟಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಏನಯ್ಯಾ, ಇದು ಸವೆದು ಹರಿದಿದ್ದಲ್ಲ. ಚಾಕು ಹಾಕಿ ಕೊಯ್ದಿದ್ದು."

"ಇಲಿ ಇರಬೇಕು."

"ಇಲಿ ಇಷ್ಟು ನೆಟ್ಟಗೆ ಕೊಯ್ಯುತ್ತಾ?"

"ಜೈಲಲ್ಲಿ ಕಲಿತ ಇಲಿ," ಎಂದ ವೆಂಡೆಲ್, ನೆಲ ನೋಡುತ್ತ.

ಹಾಗೆ ಶುರುವಾದದ್ದು ಎರಡು ವರ್ಷ ನಡೆಯಿತು. ಈಗ ಹೇಳುವುದು ಎಪ್ಪತ್ತೆಂಟರ ಜುಲೈ ತಿಂಗಳ ಮಾತು.

ಒಂದು ಗುರುವಾರ ಬೆಳಿಗ್ಗೆ ಅವನು ಅಂಗಡಿಗೆ ಬಂದು, ಮೇಜಿನ ಮೇಲೆ ಒಂದು ಕಪ್ಪು ಬಟ್ಟೆಯ ಪಟ್ಟಿ ಇಟ್ಟ. ಅದರ ಮೇಲೆ ಬಿಳಿ ಅಕ್ಷರ: ಪಾದ್ರಿಯ ಸೊತ್ತು.

"ಇದು ಯಾರಿಗೆ?" ಎಂದಳು ಒಲೀಟಾ. "ನಿನ್ನ ಗಾಡಿಗಾ? ನಾಯಿಗಾ?"

"ಒಲೀಟಾ, ಕೇಳಿಲ್ಲಿ."

"ಕೇಳ್ತಾ ಇದೀನಲ್ಲ."

ಅವನು ಹೇಳಿದ. ಕಾಗೆಗಳು ತಮ್ಮ ವಾರದ ಸಭೆಗೆ ಚರ್ಚು ಎನ್ನುತ್ತಿದ್ದರು. ನಿಜವಾದ ಚರ್ಚಿನ ಹೊಸ್ತಿಲು ಅವರಲ್ಲಿ ಒಬ್ಬನೂ ದಾಟಿದವನಲ್ಲ. ಹಿಂದಿನ ದಿನ ಚರ್ಚಿನಲ್ಲಿ ಇವಳ ಮಾತು ಬಂದಿತ್ತು. ಎತ್ತಿದವನು ಬರ್ಟ್ ಲಾಸನ್. ಕ್ಲಬ್ಬಿನ ಕಟ್ಟಳೆ ಮುರಿದವರಿಗೆ ಶಿಕ್ಷೆ ಕೊಡುವುದು ಅವನ ಕೆಲಸ, ಆಳಿಗೆ ತಕ್ಕಂತೆ ಎಲ್ಲರೂ ಅವನನ್ನು ಹಾರೆ ಎಂದೇ ಕರೆಯುತ್ತಿದ್ದರು.

"ಎರಡು ವರ್ಷದಿಂದ ಪಾದ್ರಿ ಹಿಂದೆ ಕೂತು ತಿರುಗ್ತಾಳೆ, ಬೆನ್ನು ಮಾತ್ರ ಖಾಲಿ. ಉಳಿದ ಹೆಂಗಸರು ಏನಂದ್ಕೋತಾರೆ ಅಂದ ಹಾರೆ. ಎಲ್ಲರೂ ಕೈ ಎತ್ತಿ ಒಪ್ಪಿದ್ರು. ಭಾನುವಾರ ಮಧ್ಯಾಹ್ನ ಸವಾರಿ ಹೊರಡೋ ಹೊತ್ತಿಗೆ ಇದು ನಿನ್ನ ಬೆನ್ನ ಮೇಲಿರಬೇಕು."

"ಇಲ್ದಿದ್ರೆ?"

"ನಾನು ನಿನ್ನ ಬಿಡಬೇಕು. ಬಿಡಲ್ಲ ಅಂದ್ರೆ ನನ್ನ ಪ್ಯಾಚ್ ಕೊಯ್ತಾರೆ."

ಒಲೀಟಾ ಆ ಪಟ್ಟಿಯ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿದಳು. ಅಂಚು ಚೆನ್ನಾಗಿರಲಿಲ್ಲ, ದಾರ ಬಿಡುತ್ತಿತ್ತು.

"ಒಂದು ಬಟ್ಟೆ ತುಂಡು ಕಣೇ," ಎಂದ ವೆಂಡೆಲ್. "ಹಾಕ್ಕೊಂಡ್ರೆ ನೀನೇನು ಬೇರೆ ಆಗಿಬಿಡ್ತೀಯಾ?"

"ಹಾಗಾದ್ರೆ ನಿನ್ನ ಬೆನ್ನ ಮೇಲಿರೋದೂ ಬಟ್ಟೆ ತುಂಡೇ. ಕಿತ್ತು ಬಿಸಾಕು ನೋಡೋಣ."

ಅವನ ಮುಖ ಬಿಳಿಚಿತು.

"ನಮ್ಮಪ್ಪ ನನಗೆ ಕೊಟ್ಟಿದ್ದು ಬೆಲ್ಟಿನ ಏಟು," ಎಂದ ಆಮೇಲೆ. "ಜೈಲಲ್ಲಿದ್ದಾಗ ಒಂದು ಕಾಗದ ಬರೀಲಿಲ್ಲ. ಇವರು ಬರ್ತಿದ್ರು. ಮೂರು ವರ್ಷ, ಒಂದು ಭಾನುವಾರ ತಪ್ಪಿಸಲಿಲ್ಲ. ಹಾರೆ ಅಂತೂ ಜ್ವರ ಬಂದಾಗಲೂ ಬಂದ. ಅದನ್ನ ಬಟ್ಟೆ ಅನ್ನಬೇಡ."

"ನೀನು ಮೊದಲು ಅಂದೆ."

"ಅಂದೆ."

"ವೆಂಡೆಲ್, ನಿನ್ನ ಜೊತೆ ಇರ್ತೀನಿ. ಜೈಲಿನ ಬಾಗಿಲಿಗೂ ಬರ್ತೀನಿ, ಬೇಕಿದ್ರೆ ಗುಂಡಿಗೂ ಇಳೀತೀನಿ. ಆದ್ರೆ ನಿನ್ನದು ಅಂತ ಇರಲ್ಲ."

"ಎರಡಕ್ಕೂ ಏನು ವ್ಯತ್ಯಾಸ?"

"ಅದು ಗೊತ್ತಾಗೋ ತನಕ ಈ ಬಾಗಿಲಿಗೆ ಬರಬೇಡ," ಎಂದು ಪಟ್ಟಿಯನ್ನು ಅವನ ಎದೆಗೆ ಎಸೆದಳು.

ಅವನು ಹೋದ. ಹೋದ ಮೇಲೆ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟು ಅವನ ಮೇಲೆ ಅಷ್ಟೇ ಅಲ್ಲ, ತನ್ನ ಮೇಲೂ. ಅವನನ್ನು ಬಿಡುವ ಮಾತು ಅವಳ ತಲೆಗೆ ಬಂದೇ ಇರಲಿಲ್ಲ. ಬಿಡದೆ, ಅಕ್ಷರ ಹೊರದೆ ಅವನನ್ನು ಉಳಿಸಿಕೊಳ್ಳುವುದು ಹೇಗೆಂದು ಮಾತ್ರ ತಿಳಿಯದು.

ಶನಿವಾರ ಬೆಳಿಗ್ಗೆ ಮಾರ್ವೆಲ್ ಬಂದಳು. ಕ್ಲಬ್ಬಿನ ಯಜಮಾನ ಹಾರ್ಲನ್ ಟೀಗ್‌ನ ಹೆಂಡತಿ ಅವಳು. ಐವತ್ತು ದಾಟಿದ ಹೆಂಗಸು, ಸಿಗರೇಟಿಗೆ ಗಂಟಲು ಕೆಟ್ಟಿತ್ತು. ಬೆನ್ನ ಮೇಲಿನ 'ಟೀಗ್‌ನ ಸೊತ್ತು' ಬಿಸಿಲಿಗೆ ಮಾಸಿ ಹಳದಿಯಾಗಿತ್ತು. ಕೈಯಲ್ಲಿ ಕಾಗದ ಸುತ್ತಿದ ಕರಿದ ಬೆಂಡೆಕಾಯಿ.

"ತಿನ್ನು. ಎರಡು ದಿನದಿಂದ ಒಲೆ ಹಚ್ಚಿಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ."

"ಅವರು ಕಳ್ಸಿದ್ರಾ?"

"ಕಳ್ಸಿದ್ರು. ಏನೇ ಮಹಾರಾಣಿ, ನಮ್ಮ ಬೆನ್ನಿಗೆಲ್ಲ ಹೊಲಿಯೋವಾಗ ನಿನ್ನ ಯಂತ್ರ ಗುಡುಗುಡು ಅಂತ ಓಡ್ತು. ನಿನ್ನ ಬೆನ್ನು ಅಂದ ಕೂಡಲೇ ಸೂಜಿ ಮುರೀತಾ?"

ಒಲೀಟಾ ಬೆಂಡೆಕಾಯಿ ಬಾಯಿಗಿಡದೆ ಹಿಡಿದುಕೊಂಡಳು. "ನಾಚಿಕೆ ಆಗ್ತಿದೆ, ಮಾರ್ವೆಲ್. ಆಗ ಅಕ್ಷರ ನೋಡ್ಲಿಲ್ಲ. ಅಂಚು ನೋಡಿದೆ, ಹೊಲಿಗೆ ನೆಟ್ಟಗೆ ಬಂತಾ ನೋಡಿದೆ. ಓದಲೇ ಇಲ್ಲ."

"ನಾನೂ ಓದಲಿಲ್ಲ. ಬೆನ್ನ ಮೇಲಿದ್ದದ್ದು ಕಾಣಲ್ಲ, ಅದೊಂದು ಪುಣ್ಯ." ಮಾರ್ವೆಲ್ ಸಿಗರೇಟು ಹಚ್ಚಿದಳು. "ಒಂದು ಮಾತು ಹೇಳ್ತೀನಿ. ಇದು ಹಾಕಿ ಹನ್ನೆರಡು ವರ್ಷ. ಈ ಬೆನ್ನ ಮೇಲೆ ಒಬ್ಬ ಗಂಡಸು ಕೈ ಹಾಕಿಲ್ಲ."

"ಟೀಗ್?"

"ಅವನು ಲೆಕ್ಕಕ್ಕಿಲ್ಲ. ಒಡೆಯ ತಾನೇ." ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಆಮೇಲೆ, ಹೇಳಲೋ ಬೇಡವೋ ಎಂದು ಬಾಗಿಲ ಕಡೆ ಒಂದು ಸಲ ನೋಡಿ, ಅವಳು ಕ್ಲಬ್ಬಿನ ಒಂದು ಕಟ್ಟಳೆ ಹೇಳಿದಳು. ಬಹಳ ಹಿಂದೆ ಡೆವಿಟ್ ಎಂಬ ಮುದುಕ ಕಾಲು ಹೋಗಿ ಕ್ಲಬ್ ಬಿಟ್ಟಾಗ ಟೀಗ್ ಎಲ್ಲರ ಮುಂದೆ ಮಾಡಿದ ಕಟ್ಟಳೆ ಅದು.

"ಪ್ಯಾಚ್ ಬಿಚ್ಚಿ ಕೊಟ್ಟವನು ಹೋದವನು. ಕೊಯ್ಸಿಕೊಂಡವನು ತಳ್ಳಿಸಿಕೊಂಡವನು. ಹೋದವನಿಗೆ ಟೀಗ್ ಕೈ ಕುಲುಕ್ತಾನೆ, ಗಾಡಿ ಅವನದೇ, ತೋಳಿನ ಮೇಲಿರೋ ಕಾಗೆ ಹಚ್ಚೆ ಪಕ್ಕ ತಾರೀಕು ಬರೆಸ್ಕೋತಾನೆ, ಅಷ್ಟೇ. ತಳ್ಳಿಸಿಕೊಂಡವನ ಗಾಡಿ ಹೋಗುತ್ತೆ. ಹಚ್ಚೆ ಮೇಲೆ ಕಾದ ಕಬ್ಬಿಣ ಇಡ್ತಾರೆ. ಆಮೇಲೆ ಈ ಊರಲ್ಲಿ ಕಣ್ಣಿಗೆ ಬಿದ್ರೆ ಮೂಳೆ ಉಳಿಯಲ್ಲ."

"ಹಾಗಾದ್ರೆ ಇವತ್ತೇ ಬಿಚ್ಚಿ ಕೊಟ್ಟುಬಿಡ್ತೀನಿ."

"ಕೈ ಎತ್ತಿ ಆಯ್ತಲ್ಲ, ಹುಡುಗಿ. ಈಗ ಬಿಚ್ಚಿದ್ರೆ ಕಳ್ಳತನ. ಆ ಕಾಗೆ ಕ್ಲಬ್ಬಿನದು, ಅವನ ಬೆನ್ನು ಬರೀ ಹೊತ್ತಿರೋದು. ಇನ್ನು ಅದನ್ನ ಮುಟ್ಟಬೇಕು ಅಂದ್ರೆ ಅಂಗಳದಲ್ಲಿ, ಎಲ್ಲರ ಎದುರಿಗೆ, ಅಪ್ಪಣೆ ಆಗಬೇಕು. ಯಾವ ಮೂರ್ಖ ಅಪ್ಪಣೆ ಕೊಡ್ತಾನೆ?" ಮಾರ್ವೆಲ್ ಎದ್ದಳು. "ಹಾಕ್ಕೋ ಆ ದರಿದ್ರದ್ದನ್ನ. ಎರಡು ವಾರ ಆದ್ರೆ ಇದೆ ಅಂತಾನೇ ಗೊತ್ತಾಗಲ್ಲ."

"ಅದಕ್ಕೇ ಹಾಕ್ಕೊಳಲ್ಲ," ಎಂದಳು ಒಲೀಟಾ.

ಭಾನುವಾರ ಹನ್ನೊಂದು ಗಂಟೆಗೆ ಅಂಗಡಿಯ ಮುಂದೆ ಗಾಡಿಯ ಸದ್ದು ನಿಂತಿತು. ವೆಂಡೆಲ್ ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ.

"ಬರಬೇಡ ಅಂದಿದ್ದೆ."

"ವ್ಯತ್ಯಾಸ ಇನ್ನೂ ಪೂರ್ತಿ ಗೊತ್ತಾಗಿಲ್ಲ," ಎಂದ ಅವನು. "ಸುಳ್ಳು ಹೇಳಲ್ಲ. ಆದ್ರೆ ಮೂರು ದಿನ ಈ ಬಾಗಿಲು ನೋಡದೆ ಇದ್ದೆನಲ್ಲ, ಅದು ಹೇಗಿರುತ್ತೆ ಅಂತ ಗೊತ್ತಾಯ್ತು. ಅಂಗಳಕ್ಕೆ ಹೊರಟಿದೀನಿ. ಅವಳು ಹಾಕ್ಕೊಳಲ್ಲ, ನಾನು ಬಿಡಲ್ಲ ಅಂತ ಹೇಳಿ ನಿಂತ್ಕೋತೀನಿ. ಓಡಿಹೋಗಲ್ಲ. ನಿನಗೆ ಹೇಳಿ ಹೋಗೋಣ ಅಂತ ಬಂದೆ."

"ಆ ಪಟ್ಟಿ ಎಲ್ಲಿ?"

ಅವನು ಜೇಬಿನಿಂದ ತೆಗೆದ. ಅಕ್ಷರ ಕಾಣದಷ್ಟು ಗ್ರೀಸು ಮೆತ್ತಿತ್ತು. "ಇಂಜಿನ್ ಸೋರ್ತಿತ್ತು. ಒರೆಸಿದೆ."

ಒಲೀಟಾಳಿಗೆ ನಾಲ್ಕು ದಿನದಲ್ಲಿ ಮೊದಲ ಸಲ ನಗು ಬಂತು. ಅವನ ಕಾಲರು ಹಿಡಿದೆಳೆದು ಮುತ್ತು ಕೊಟ್ಟಳು. ಪೆಟ್ರೋಲು, ತಂಬಾಕು, ಬೆವರು. ಆಮೇಲೆ ಕೆಲಸದ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಗೆ ಬಂದಳು.

"ನೀನೆಲ್ಲಿಗೆ?"

"ನನ್ನ ಬೆನ್ನಿನ ವಿಷಯ ತಾನೇ? ಬೆನ್ನೂ ಬರಲಿ."

ಕ್ಲಬ್ಬಿನ ಅಂಗಳ ಮುಚ್ಚಿಹೋದ ಪೈಪು ಗೋದಾಮಿನ ಹಿಂದೆ ಇತ್ತು. ನಲವತ್ತು ಮೋಟಾರ್‌ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಬೇಲಿಯ ಪಕ್ಕ, ತಗಡಿನ ನೆರಳಿನಲ್ಲಿ ಹೆಂಗಸರು. ಅಂಗಳದಲ್ಲಿ ಹೆಂಗಸರು ಮಾತಾಡುವ ಹಾಗಿರಲಿಲ್ಲ. ವೆಂಡೆಲ್‌ನ ಹಿಂದೆ ತೋಳಿಲ್ಲದ ಹತ್ತಿಯ ಅಂಗಿಯಲ್ಲಿ, ಕೋಟಿಲ್ಲದ ಬರಿ ಬೆನ್ನಿನಲ್ಲಿ ಒಲೀಟಾ ಬಂದಿಳಿದಾಗ ಯಾರೋ ಸಿಳ್ಳೆ ಹೊಡೆದ. ಹಾರೆ ಮೊದಲೇ ಅಲ್ಲಿದ್ದ. ಜಿಂಕೆಯ ಚರ್ಮ ಸುಲಿಯುವ ಚಾಕುವನ್ನು ತೊಡೆಗೆ ಒರೆಸುತ್ತಿದ್ದ. ವೆಂಡೆಲ್‌ನ ಮುಖ ನೋಡಲಿಲ್ಲ.

ಟೀಗ್ ನಡುವೆ ಬಂದು ನಿಂತ. ಗಡ್ಡ ನೆರೆತಿತ್ತು, ದನಿ ಮಾತ್ರ ಮೃದು.

"ಪಾದ್ರಿ, ನಿನ್ನ ಹೆಂಗಸಿನ ಬೆನ್ನು ಖಾಲಿ ಇದೆ."

"ಅವಳ ಬೆನ್ನು ಅವಳದು, ಟೀಗ್. ಅವಳನ್ನೇ ಕೇಳು."

"ಅಂಗಳದಲ್ಲಿ ಹೆಂಗಸರನ್ನ ಕೇಳೋದಿಲ್ಲ."

"ಕೇಳದಿದ್ರೂ ಹೇಳ್ತೀನಿ," ಎಂದಳು ಒಲೀಟಾ.

"ಪಾದ್ರಿ, ನಿನ್ನ ಹಿಂದಿನ ಸೀಟು ಮಾತಾಡ್ತಿದೆಯಲ್ಲೋ!" ಎಂದು ಒಬ್ಬ ಕೂಗಿದ. ಗಂಡಸರೆಲ್ಲ ನಕ್ಕರು.

"ಹೌದು, ಸೀಟು ಹೊಲಿಯೋಳು. ನೀನು ಕೂತಿರೋ ಸೀಟೂ ನಾನೇ ಹೊಲಿದದ್ದು, ಅದರ ಮೇಲಿಂದ ಮಾತಾಡೋವಾಗ ಸ್ವಲ್ಪ ಮರ್ಯಾದೆ ಇರಲಿ." ಅವಳು ಎರಡು ಹೆಜ್ಜೆ ಮುಂದೆ ಬಂದಳು. "ಆ ಕೋಟಿನ ಚರ್ಮ ಇವನದು. ಕಾಗೆ ನಿಮ್ಮದು, ಇಲ್ಲ ಅಂದಿಲ್ಲ. ಹೊಲಿಗೆ ಯಾರದು? ಇಲ್ಲಿ ನಿಂತಿರೋ ಅಷ್ಟೂ ಬೆನ್ನಿನ ಮೇಲೆ ಇರೋ ಹೊಲಿಗೆ ನಂದು. ನನ್ನ ಹೊಲಿಗೆ ಮೇಲೆ ಚಾಕು ಇಡೋ ಮೊದಲು ನನ್ನ ಕೇಳಿ."

ಇದನ್ನು ಅವಳು ಮೊದಲೇ ಯೋಚಿಸಿಕೊಂಡು ಬಂದಿದ್ದಳೆಂದು ಹಲವರು ಹೇಳುತ್ತಾರೆ. ಅವಳು ಮಾತ್ರ, ಬಾಯಿಗೆ ಬಂದದ್ದು ಆಡಿದೆ, ಚಾಕು ಕಂಡು ಹೊತ್ತು ಕಳೆಯಲು ಆಡಿದೆ ಎಂದೇ ಹೇಳಿದ್ದು.

ಹಾರೆ ಗಹಗಹಿಸಿದ. "ಕೇಳ್ರಪ್ಪಾ, ದರ್ಜಿಗೆ ಪಾಲು ಬೇಕಂತೆ! ಆಯ್ತಮ್ಮಾ ತಾಯಿ, ನ್ಯಾಯ ಅಂದ್ರೆ ನ್ಯಾಯ. ಕಾಗೆ ನಮ್ಮದು, ದಾರ ನಿಂದು. ತಗೊಂಡ್ಹೋಗು ನಿನ್ನ ದಾರ!"

ಅಂಗಳ ನಗೆಯಿಂದ ಬಿರಿಯಿತು. ಟೀಗ್‌ಗೂ ನಗು ತಡೆಯಲಾಗಲಿಲ್ಲ. "ತಗೊಂಡ್ಹೋಗ್ಲಿ, ತಗೊಂಡ್ಹೋಗ್ಲಿ," ಎಂದು ಕೈ ಬೀಸಿದ.

ಒಲೀಟಾ ಒಂದು ಕ್ಷಣ ಹಾಗೇ ನಿಂತಳು. ಆಮೇಲೆ ಚೀಲಕ್ಕೆ ಕೈ ಹಾಕಿ, ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆ ತೆಗೆದಳು. ವೆಂಡೆಲ್‌ನ ಹಿಂದೆ ಹೋಗಿ ಅವನ ಭುಜ ಹಿಡಿದಳು.

"ನೆಟ್ಟಗೆ ನಿಂತ್ಕೋ. ಅಲ್ಲಾಡಬೇಡ."

ಮೊದಲ ಹೊಲಿಗೆ ಟಕ್ಕೆಂದಿತು. ನಗು ಇನ್ನೂ ನಡೆದಿತ್ತು. ಎರಡನೆಯದು, ಮೂರನೆಯದು. ಅವಳು ಕೊಕ್ಕೆಯ ತುದಿಯನ್ನು ದಾರದ ಕೆಳಗೆ ತೂರಿಸಿ ಮೇಲೆತ್ತುತ್ತಿದ್ದಳು. ಬಟ್ಟೆಗೂ ಚರ್ಮಕ್ಕೂ ಒಂದು ಗೀರು ಬೀಳದಂತೆ. ಅಂಗುಲಕ್ಕೆ ಎಂಟು ಹೊಲಿಗೆ, ಎಣ್ಣೆಗೂ ಮಳೆಗೂ ಬಗ್ಗದ ನೈಲಾನ್ ದಾರ. ಅಷ್ಟು ಗಟ್ಟಿಯಾಗಿ ಯಾಕೆ ಹೊಲಿದೆನೋ ಎಂದು ತನ್ನನ್ನೇ ಬೈದುಕೊಂಡಳು. ಮೇಲಿನ ಕಮಾನು ಅರ್ಧ ಸಡಿಲವಾಗಿ ಜೋತುಬಿದ್ದಾಗ ನಗು ಅಲ್ಲಲ್ಲಿ ನಿಂತಿತು. ಏನು ನಡೆಯುತ್ತಿದೆಯೆಂದು ಒಬ್ಬೊಬ್ಬರಿಗಾಗಿ ಹೊಳೆಯತೊಡಗಿತು.

"ಏಯ್," ಎಂದ ಹಾರೆ. "ಏನು ಮಾಡ್ತಿದೀಯಾ?"

"ನನ್ನ ದಾರ ತಗೋತಿದೀನಿ."

ಹಾರೆ ಚಾಕು ಎತ್ತಿಕೊಂಡು ಮುಂದೆ ಬಂದ. ಆಗ ಬೇಲಿಯ ಕಡೆಯಿಂದ ಆ ಒಡಕು ದನಿ ಕೇಳಿತು.

"ಅಪ್ಪಣೆ ಆಗಿದೆ, ಹಾರೆ. ಎಲ್ಲರ ಎದುರಿಗೇ ಆಗಿದೆ. ಕೊಟ್ಟವನು ನೀನೇ." ಮಾರ್ವೆಲ್ ನೆರಳು ಬಿಟ್ಟು ಬಿಸಿಲಿಗೆ ಬಂದಿದ್ದಳು. "ಟೀಗ್, ನೀನೂ ಕೊಟ್ಟೆ. ಎರಡು ಸಲ ಹೇಳಿದೆ."

"ಬಾಯ್ಮುಚ್ಚು," ಎಂದ ಟೀಗ್.

"ಮುಚ್ತೀನಿ. ಡೆವಿಟ್ ಮುದುಕನಿಗೆ ಏನು ಹೇಳಿದ್ದೆ ಅಂತ ಒಂದು ಸಲ ಹೇಳಿಬಿಡು, ಮುಚ್ತೀನಿ."

ದೇಶದ ಕಾನೂನನ್ನೆಲ್ಲ ಕಾಲ ಕಸ ಮಾಡಿಕೊಂಡ ಟೀಗ್‌ಗೆ ಉಳಿದಿದ್ದು ತಾನು ಮಾಡಿದ ಕಾನೂನೊಂದೇ. ಅದನ್ನೂ ನಲವತ್ತು ಜನರ ಮುಂದೆ ನುಂಗಿದರೆ ನಾಳೆ ಅವನ ಮಾತಿಗೆ ಯಾರು ಕಿವಿಗೊಡುತ್ತಾರೆ? ಅವನು ಹಾರೆಯ ಎದೆಗೆ ಕೈ ಅಡ್ಡ ಇಟ್ಟ.

ಮುಕ್ಕಾಲು ಗಂಟೆ ಹಿಡಿಯಿತು. ತಲೆಯ ಮೇಲೆ ಸೂರ್ಯ, ನೆರಳಿಲ್ಲ, ಯಾರೂ ಕೂರಲಿಲ್ಲ. ಬೆವರು ಕಣ್ಣಿಗಿಳಿದಾಗ ಅವಳು ಭುಜಕ್ಕೆ ಒರೆಸಿಕೊಂಡು ಮುಂದುವರಿಸಿದಳು. ಕೈ ಎಲ್ಲಿ ಜಾರುತ್ತದೋ ಎಂಬ ಭಯ ಅವಳಿಗೆ, ಒಂದು ಗೀರು ಬಿದ್ದರೆ ಅದನ್ನೇ ಕೊಯ್ದದ್ದು ಎಂದುಬಿಡುತ್ತಾರೆ. ಕಾಗೆಯ ರೆಕ್ಕೆಯ ಹತ್ತಿರ ಬಂದಾಗ ವೆಂಡೆಲ್‌ನ ಬೆನ್ನು ನಡುಗುವುದು ಕೊಕ್ಕೆಯ ತುದಿಗೆ ತಿಳಿಯಿತು.

"ನೋವಾಗ್ತಿದೆಯಾ?" ಎಂದಳು ಪಿಸುದನಿಯಲ್ಲಿ.

"ಹೂಂ."

"ಚರ್ಮಕ್ಕೆ ತಾಗಿಲ್ಲವಲ್ಲ."

"ಗೊತ್ತು," ಎಂದ ಅವನು. "ನಿಲ್ಲಿಸಬೇಡ."

ಮೂರು ತುಂಡುಗಳನ್ನೂ ಒಂದರ ಮೇಲೊಂದಿಟ್ಟು ಅವಳು ಟೀಗ್‌ನ ಕೈಗೆ ಕೊಟ್ಟಳು. ಅವನು ತಿರುಗಿಸಿ ತಿರುಗಿಸಿ ನೋಡಿದ. ಎಲ್ಲೂ ಗೀರಿರಲಿಲ್ಲ. ವೆಂಡೆಲ್‌ನ ಕೋಟು ಬಿಸಿಲಿಗೆ ಮಾಸಿತ್ತು, ಪ್ಯಾಚ್ ಇದ್ದ ಕಡೆ ಮಾತ್ರ ಚರ್ಮ ಹೊಸದರಂತೆ ಕಪ್ಪಗೆ ಉಳಿದು, ಅಲ್ಲೊಂದು ಕಾಗೆ ಈಗಷ್ಟೇ ಹಾರಿಹೋದಂತೆ ಕಾಣುತ್ತಿತ್ತು.

"ಹೋದವನು," ಎಂದ ಟೀಗ್. ಕೈ ಚಾಚಿ ವೆಂಡೆಲ್‌ನ ಕೈ ಕುಲುಕಿದ. "ಗಾಡಿ ನಿನ್ನದು. ಹಚ್ಚೆ ಪಕ್ಕ ಇವತ್ತಿನ ತಾರೀಕು ಬರೆಸ್ಕೋ."

ಅವನು ಕೈ ಬಿಡುತ್ತಿದ್ದಂತೆ ಹಾರೆ ಮುಂದೆ ಬಂದು ವೆಂಡೆಲ್‌ನ ಬಾಯಿಗೆ ಗುದ್ದಿದ. ವೆಂಡೆಲ್ ಮಂಡಿಯೂರಿ ಬಿದ್ದ. ಒಲೀಟಾ ಕೊಕ್ಕೆ ಹಿಡಿದೇ ಹಾರೆಯ ಮೇಲೆ ಹಾರಿದಳು. ವೆಂಡೆಲ್ ಅವಳ ಸೊಂಟದ ಚೀಲ ಹಿಡಿದು ತಡೆದ.

"ಮೂರು ವರ್ಷ ಪ್ರತಿ ಭಾನುವಾರ ಬಂದಿದ್ದೆ ನಿನಗೋಸ್ಕರ," ಎಂದ ಹಾರೆ. ಅವನ ಕಣ್ಣು ಕೆಂಪಾಗಿತ್ತು. "ಮೂರು ವರ್ಷ!"

"ಬಂದಿದ್ದೆ, ಬ್ರದರ್," ಎಂದ ವೆಂಡೆಲ್. ಒಂದು ಹಲ್ಲನ್ನು ಅಂಗೈಗೆ ಉಗಿದು ನೋಡಿ ಜೇಬಿಗೆ ಹಾಕಿಕೊಂಡ. ತಿರುಗಿ ಕೈ ಎತ್ತಲಿಲ್ಲ. ಎದ್ದು ತನ್ನ ಗಾಡಿಯ ಹತ್ತಿರ ಹೋದ. ಹತ್ತದೆ ಪಕ್ಕದಲ್ಲಿ ನಿಂತ.

"ಹತ್ತು," ಎಂದಳು ಒಲೀಟಾ.

"ನೀನು ಮೊದಲು ಹತ್ತು."

"ತಲೆ ತಿರುಗ್ತಿದೆಯಾ?"

"ಇಲ್ಲ. ನೀನು ಓಡಿಸು."

ಅವಳಿಗೆ ಓಡಿಸಲು ಬರುತ್ತಿತ್ತು, ಹೊಲಿದ ಸೀಟಿನ ಮೇಲೆ ತಾನೇ ಒಂದು ಸುತ್ತು ಹೋಗಿ ಬಂದು ಕೊಡುವುದು ಅವಳ ರೂಢಿ. ಆದರೆ ಅಂಗಳದಲ್ಲಿ ಇದು ಬೇರೆ ಮಾತು. ಆ ಗಂಡಸರ ನಡುವೆ ಹೆಂಗಸಿನ ಹಿಂದೆ ಕೂತವನೆಂದರೆ ಸತ್ತವನಿಗಿಂತ ಕಡೆ. ಅದು ಇಬ್ಬರಿಗೂ ಗೊತ್ತಿತ್ತು. ಅವಳು ಅವನ ಒಡೆದ ತುಟಿಯನ್ನು ನೋಡಿದಳು, ಹತ್ತಿ ಕೂತು ಕಿಕ್ ಒದ್ದಳು. ಅವನು ಹಿಂದೆ ಕೂತು ಎರಡೂ ಕೈಯಿಂದ ಅವಳ ಸೊಂಟ ಬಳಸಿಕೊಂಡ. ಗದ್ದವನ್ನು ಅವಳ ಬರಿ ಭುಜದ ಮೇಲಿಟ್ಟ. ರಕ್ತ ಅವಳ ಅಂಗಿಗೆ ಇಳಿಯಿತು.

ಕೂಗು ಎದ್ದಿತು, ಕೇಳಬಾರದ ಕೂಗು. ಪಾದ್ರಿಗೆ ಲಂಗ ಹೊಲಿಸಿಕೊಡೇ ಎಂದರು, ಇನ್ನೂ ಏನೇನೋ ಎಂದರು. ಬಿಯರ್ ಡಬ್ಬಿಯೊಂದು ಹಾರಿಬಂದು ಹಿಂದಿನ ಚಕ್ರಕ್ಕೆ ತಾಗಿತು. ಒಲೀಟಾ ಅವಸರ ಮಾಡಲಿಲ್ಲ. ನಲವತ್ತು ಗಾಡಿಗಳ ಸಾಲಿನ ಮುಂದೆ ನಡಿಗೆಯ ವೇಗದಲ್ಲಿ, ಈ ತುದಿಯಿಂದ ಆ ತುದಿಯವರೆಗೆ ಓಡಿಸಿಕೊಂಡು ಹೋದಳು. ಗೇಟು ದಾಟಿದ ಮೇಲಷ್ಟೇ ವೇಗ ಹೆಚ್ಚಿಸಿದ್ದು.

ಮಂಗಳವಾರದ ಹೊತ್ತಿಗೆ ಅಂಗಡಿ ಖಾಲಿಯಾಗಿತ್ತು. ಯಂತ್ರವನ್ನು ಎರವಲು ಲಾರಿಯಲ್ಲಿ ಹೇರಿಕೊಂಡು ಇಬ್ಬರೂ ಟೆಹಾಚಪಿ ಬೆಟ್ಟ ಹತ್ತಿ ಪೂರ್ವಕ್ಕೆ ಹೋದರೆಂದು ಪೆಟ್ರೋಲ್ ಬಂಕಿನವನು ಹೇಳಿದ. ಅಲ್ಲಿಂದ ಮುಂದಿನದು ಖಚಿತವಿಲ್ಲ. ನೆವಾಡಾದಲ್ಲಿ ಅವಳ ಅಂಗಡಿ ನೋಡಿದೆ ಎಂದವರಿದ್ದಾರೆ. ಅವಳು ಒಬ್ಬಳೇ ಇದ್ದಳು ಎಂದವರಿದ್ದಾರೆ, ಹಿಂದಿನ ಕೋಣೆಯಲ್ಲಿ ಗಂಡಸಿನ ಕೆಮ್ಮು ಕೇಳಿತು ಎಂದವರೂ ಇದ್ದಾರೆ. ಹಾರೆ ಅಂದು ದಾರದ ಆ ಮಾತನ್ನು ಬಾಯಿ ತಪ್ಪಿ ಆಡಿದನೋ, ಗೆಳೆಯನಿಗಾಗಿ ಬೇಕೆಂದೇ ಆಡಿದನೋ, ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅವನು ಈಗಿಲ್ಲ. ವೆಂಡೆಲ್‌ಗೆ ಆ ವ್ಯತ್ಯಾಸ ಕೊನೆಗೂ ಪೂರ್ತಿ ಗೊತ್ತಾಯಿತೇ, ಬರಿ ಬೆನ್ನಿನಲ್ಲಿ ಬದುಕುವುದು ಅವನಿಗೆ ಒಗ್ಗಿತೇ ಎಂಬುದು ಗೊತ್ತಿಲ್ಲ.